ಪೆನ್ಸಿಲ್ ಇನ್ನೂ ಕೈಯಲ್ಲಿರುವಾಗ

(ನಗರ ಯೋಜನೆಯ ವಿದ್ಯಾರ್ಥಿಗಳು ಮತ್ತು ಆಸಕ್ತ ನಾಗರಿಕರ ಮುಂದೆ ಆಡಿದ ಮಾತುಗಳ ಬರಹರೂಪ. ಮಾತಿನಲ್ಲಿ ಸಹಜವಾಗಿ ಬಂದ ಪುನರಾವರ್ತನೆಗಳನ್ನು ತೆಗೆದಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಗರ ವಿನ್ಯಾಸ ಸಲಹಾ ಮಂಡಳಿಯೊಂದರ ಸದಸ್ಯೆಯಾಗಿ ನಾನು ಹೋದ ಮೊದಲ ದಿನ ನಮ್ಮ ಮುಂದೆ ಬಂದದ್ದು ಹತ್ತು ಮಹಡಿಯ ಒಂದು ಕಟ್ಟಡ. ನಕ್ಷೆಗಳು ಚೆನ್ನಾಗಿದ್ದವು, ಬಣ್ಣದ ಚಿತ್ರಗಳು ಇನ್ನೂ ಚೆನ್ನಾಗಿದ್ದವು. ಆಕಾಶ ನೀಲಿಯಾಗಿತ್ತು, ಮರಗಳೆಲ್ಲ ಒಂದೇ ಎತ್ತರಕ್ಕೆ ಬೆಳೆದಿದ್ದವು, ಪಾದಚಾರಿ ಮಾರ್ಗದಲ್ಲಿ ಬಲೂನು ಹಿಡಿದ ಮಗುವೊಂದು ಓಡುತ್ತಿತ್ತು. ಇಂಥ ಚಿತ್ರಗಳಲ್ಲಿ ಬಲೂನು ಹಿಡಿದ ಮಗು ಇರಲೇಬೇಕೆಂದು ಯಾರು ಕಾನೂನು ಮಾಡಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ನಾವು ಒಂಬತ್ತು ಮಂದಿ ಒಂದೂವರೆ ಗಂಟೆ ಹೊರಗೋಡೆಯ ಬಣ್ಣದ ಬಗ್ಗೆ ಚರ್ಚೆ ಮಾಡಿದೆವು. ಇಟ್ಟಿಗೆ ಕೆಂಪೋ, ಮರಳಿನ ಬಣ್ಣವೋ ಎಂದು. ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಸದಸ್ಯರೊಬ್ಬರು ತಣ್ಣಗೆ ಕೇಳಿದರು: "ಕಾರುಗಳು ಒಳಗೆ ಹೋಗುವ ದಾರಿ ಬಸ್ ನಿಲ್ದಾಣದ ಎದುರಿಗೇ ಬಂದಿದೆಯಲ್ಲ, ಅದನ್ನು ಹಿಂದಿನ ರಸ್ತೆಗೆ ಸರಿಸಬಹುದೆ?" ವಾಸ್ತುಶಿಲ್ಪಿ ಬಹಳ ವಿನಯದಿಂದ ಹೇಳಿದರು: "ಒಳ್ಳೆಯ ಸಲಹೆ. ಆದರೆ ಅಡಿಪಾಯ ಮುಗಿದಿದೆ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಅವತ್ತು ನಾವು ಮಾಡಿದ್ದು ಅದನ್ನೇ. ಅದರ ಮೇಲೆ, ಬಾಗಿಲಿಗೆ ಯಾವ ಬಣ್ಣ ಬಳಿಯಬೇಕೆಂದು ಚರ್ಚೆ ಬೇರೆ.

ಇವತ್ತು ನಾನು ಹೇಳಬೇಕೆಂದಿರುವ ವಿಷಯವೂ ಇದೇ. ಸಲಹಾ ಮಂಡಳಿಗೆ ಅಧಿಕಾರ ಕೊಡಬೇಕೇ, ಬೇಡವೇ, ಅದರ ಮಾತಿಗೆ ಕಾನೂನಿನ ಬಲ ಇರಬೇಕೇ ಎಂದು ಎಲ್ಲ ಕಡೆ ವಾದ ನಡೆಯುತ್ತದೆ. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ: ಮಂಡಳಿಯನ್ನು ಯಾವಾಗ ಕೇಳುತ್ತಾರೆ? ಅದು ಆಡಿದ ಮಾತು ಯಾರ ಕಿವಿಗೆ ಬೀಳುತ್ತದೆ?

ಇಂಥ ಮಂಡಳಿಗಳು ಹೊಸವೇನಲ್ಲ. 1898ರಲ್ಲಿ ನ್ಯೂಯಾರ್ಕ್ ನಗರ ಒಂದು ಕಲಾ ಆಯೋಗವನ್ನು ಮಾಡಿಕೊಂಡಿತು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್ ಕೂಡ ಕಟ್ಟಡಗಳ ಸೌಂದರ್ಯ ನೋಡುವ ಸಮಿತಿಯೊಂದನ್ನು ಕೂರಿಸಿತು. ನ್ಯೂಯಾರ್ಕಿನ ಆಯೋಗ 2008ರಲ್ಲಿ ಹೆಸರು ಬದಲಿಸಿಕೊಂಡು ಸಾರ್ವಜನಿಕ ವಿನ್ಯಾಸ ಆಯೋಗವಾಯಿತು. ಅದರ 11 ಸದಸ್ಯರಿಗೆ ಸಂಬಳವಿಲ್ಲ. ವಾಸ್ತುಶಿಲ್ಪಿ, ಭೂದೃಶ್ಯ ವಿನ್ಯಾಸಕ, ಚಿತ್ರಕಾರ, ಶಿಲ್ಪಿ, ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯದ ಪ್ರತಿನಿಧಿಗಳು ಇರುತ್ತಾರೆ. ಈ ಕಸುಬುಗಳಿಗೆ ಸಂಬಂಧವೇ ಇಲ್ಲದ ಮೂವರು ಸಾಮಾನ್ಯ ನಾಗರಿಕರೂ ಇರುತ್ತಾರೆ. ಈ ಕೊನೆಯ ಮೂವರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೆ ಬರುತ್ತೇನೆ. ವಾಷಿಂಗ್ಟನ್ನಿನ ಲಲಿತಕಲಾ ಆಯೋಗ 1910ರದ್ದು, ಬ್ರಿಟನ್ನಿನ ರಾಯಲ್ ಫೈನ್ ಆರ್ಟ್ ಕಮಿಷನ್ 1924ರದ್ದು. ದೆಹಲಿ ನಗರ ಕಲಾ ಆಯೋಗವನ್ನು ಸಂಸತ್ತಿನ ಕಾಯ್ದೆಯ ಮೂಲಕ 1974ರಲ್ಲಿ ಸ್ಥಾಪಿಸಲಾಯಿತು.

ಹೆಸರುಗಳಲ್ಲೆಲ್ಲ "ಕಲೆ" ಇರುವುದನ್ನು ಗಮನಿಸಿದಿರಾ? ಆ ಕಾಲದವರಿಗೆ ನಗರ ಎಂದರೆ ನೋಡುವ ವಸ್ತು. ಪ್ರತಿಮೆ, ಕಮಾನು, ಕಾರಂಜಿ. ನಗರ ಎಂದರೆ ಜನ ನಡೆಯುವ, ಕೂರುವ, ಕಾಯುವ, ಮಳೆಯಲ್ಲಿ ನೆನೆಯುವ ಜಾಗ ಎಂಬ ಅರಿವು ಈ ಮಂಡಳಿಗಳೊಳಗೆ ಬರಲು ಬಹಳ ಕಾಲ ಹಿಡಿಯಿತು. ಆ ಅರಿವನ್ನು ತಂದವರಲ್ಲಿ ವಿಲಿಯಂ ವೈಟ್ ಎಂಬಾತನ ಕತೆ ನನಗೆ ಬಹಳ ಇಷ್ಟ.

ನ್ಯೂಯಾರ್ಕ್ 1961ರಲ್ಲಿ ಒಂದು ನಿಯಮ ತಂದಿತು. ಕಟ್ಟಡದ ಮುಂದೆ ಸಾರ್ವಜನಿಕರಿಗೆ ಒಂದು ಚದರ ಅಡಿ ಬಯಲು ಬಿಟ್ಟರೆ ಮೇಲೆ ಹತ್ತು ಚದರ ಅಡಿ ಹೆಚ್ಚುವರಿ ಕಟ್ಟಿಕೊಳ್ಳಬಹುದು. ಯಾವ ಬಿಲ್ಡರ್ ಬೇಡ ಎಂದಾನು? ಬಯಲುಗಳು ಬಂದವು, ಆದರೆ ಜನ ಬರಲಿಲ್ಲ. ವೈಟ್ 1970ರ ದಶಕದಲ್ಲಿ ಕ್ಯಾಮೆರಾ ಇಟ್ಟುಕೊಂಡು ಕುಳಿತು, ಯಾವ ಬಯಲಿನಲ್ಲಿ ಜನ ಇರುತ್ತಾರೆ, ಯಾವುದರಲ್ಲಿ ಇರುವುದಿಲ್ಲ ಎಂದು ತಿಂಗಳುಗಟ್ಟಲೆ ನೋಡಿದ. ಬಿಸಿಲು ಕಾರಣವಿರಬಹುದೆ? ಜಾಗದ ಆಕಾರವೆ? ವಿಸ್ತೀರ್ಣವೆ? ಕೊನೆಗೆ ಸಿಕ್ಕಿದ ಉತ್ತರ ಮಕ್ಕಳೂ ಹೇಳಬಹುದಾದಂಥದ್ದು: ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ. ಎಷ್ಟೋ ಬಯಲುಗಳಲ್ಲಿ ಕಟ್ಟೆಗಳೇ ಇರಲಿಲ್ಲ. ಇದ್ದ ಕಟ್ಟೆಗಳ ಮೇಲೂ ಯಾರೂ ಕೂರದಿರಲೆಂದು ಮುಳ್ಳಿನಂಥ ಕಂಬಿಗಳಿದ್ದವು. 1975ರಲ್ಲಿ ನಗರ ನಿಯಮವನ್ನು ತಿದ್ದಿತು. ಪ್ರತಿ 30 ಚದರ ಅಡಿ ಬಯಲಿಗೆ ಒಂದು ಅಡಿ ಉದ್ದದ ಆಸನ ಕಡ್ಡಾಯವಾಯಿತು.

ಹದಿನಾಲ್ಕು ವರ್ಷ! "ಇಲ್ಲಿ ಜನ ಎಲ್ಲಿ ಕೂರುತ್ತಾರೆ?" ಎಂಬ ಒಂದು ಪ್ರಶ್ನೆ ನಿಯಮದ ಪುಸ್ತಕದೊಳಗೆ ಬರಲು ಬೇಕಾದ ಕಾಲ ಇದು. ನಕ್ಷೆ ಮೇಜಿನ ಮೇಲಿರುವಾಗಲೇ ಯಾರಾದರೂ ಅದನ್ನು ಕೇಳುವಂತಿದ್ದರೆ? ಸಲಹಾ ಮಂಡಳಿ ಇರುವುದೇ ಆ ಪ್ರಶ್ನೆಗಾಗಿ. ಎಂಜಿನಿಯರ್ ಕಟ್ಟಡ ನಿಲ್ಲುತ್ತದೆಯೇ ಎಂದು ನೋಡುತ್ತಾನೆ, ಅಗ್ನಿಶಾಮಕ ಇಲಾಖೆ ಹೊರಗೆ ಬರಲು ದಾರಿ ಇದೆಯೇ ಎಂದು ನೋಡುತ್ತದೆ, ಯೋಜನಾ ಅಧಿಕಾರಿ ಎತ್ತರವನ್ನೂ ಬಿಟ್ಟ ಜಾಗವನ್ನೂ ಅಳೆಯುತ್ತಾರೆ, ಹೂಡಿಕೆದಾರ ಲೆಕ್ಕ ನೋಡುತ್ತಾನೆ. ಇಷ್ಟೂ ಜನರ ಕೈ ದಾಟಿ ಬಂದ ಕಟ್ಟಡದ ನೆಲಮಹಡಿ ಇನ್ನೂರು ಅಡಿ ಉದ್ದದ ಬೋಳುಗೋಡೆಯಾಗಿದ್ದರೆ, ಅದರ ಪಕ್ಕ ರಾತ್ರಿ ಒಂಟಿಯಾಗಿ ನಡೆಯುವವರ ಪಾಡೇನು ಎಂದು ಕೇಳುವುದು ಯಾರ ಕೆಲಸವೂ ಆಗಿರುವುದಿಲ್ಲ. ನಾವು ಆ ಯಾರದೂ ಅಲ್ಲದ ಕೆಲಸದವರು.

ಲಂಡನ್ನಿನ ಫೆನ್‌ಚರ್ಚ್ ಬೀದಿಯ 20ನೇ ಸಂಖ್ಯೆಯ ಕಟ್ಟಡವನ್ನು ನೋಡಿ. ಮೇಲೆ ಹೋದಂತೆ ಅಗಲವಾಗುತ್ತ ಹೋಗುವ ಗಾಜಿನ ಗೋಪುರ. ಜನ ಅದನ್ನು ವಾಕಿಟಾಕಿ ಎಂದೇ ಕರೆಯುತ್ತಾರೆ. ಅದರ ದಕ್ಷಿಣದ ಮುಖ ಒಳಕ್ಕೆ ಬಾಗಿದೆ. 2013ರಲ್ಲಿ ಇನ್ನೂ ಕಟ್ಟುತ್ತಿರುವಾಗಲೇ ಆ ಬಾಗು ಬಿಸಿಲನ್ನು ಭೂತಗನ್ನಡಿಯಂತೆ ಒಟ್ಟುಗೂಡಿಸಿ ಕೆಳಗಿನ ಬೀದಿಗೆ ಎಸೆಯಿತು. ನಿಲ್ಲಿಸಿದ್ದ ಕಾರಿನ ಭಾಗಗಳು ಕರಗಿ ಸೊಟ್ಟಗಾದವು. ಪತ್ರಕರ್ತರೊಬ್ಬರು ಅಲ್ಲೇ ಬಾಣಲೆ ಇಟ್ಟು ಮೊಟ್ಟೆ ಬೇಯಿಸಿ ತೋರಿಸಿದರು. ಮರುವರ್ಷ ಗಾಜಿನ ಮೇಲೆ ನೆರಳಿನ ಪಟ್ಟಿಗಳನ್ನು ಅಳವಡಿಸಬೇಕಾಯಿತು. ಆಮೇಲೆ ಬುಡದಲ್ಲಿ ಗಾಳಿಯ ಹೊಡೆತ ಎಂಬ ದೂರು ಬಂತು. 2019ರಲ್ಲಿ ಸಿಟಿ ಆಫ್ ಲಂಡನ್ ಎತ್ತರದ ಕಟ್ಟಡಗಳ ಸುತ್ತಲಿನ ಗಾಳಿಯ ಬಗ್ಗೆ ಮಾರ್ಗಸೂಚಿಯನ್ನೇ ಹೊರಡಿಸಿತು.

ಬಿಸಿಲು, ಗಾಳಿ ತಾಂತ್ರಿಕ ಸಂಗತಿಗಳು, ತಿದ್ದಬಹುದು. ನನಗೆ ಹೆಚ್ಚು ಕಾಡುವುದು ಅದೇ ಕಟ್ಟಡದ ಮೇಲಿನ ತೋಟ. ಅಷ್ಟು ಎತ್ತರಕ್ಕೆ ಅನುಮತಿ ಕೇಳುವಾಗ ಮುಂದಿಟ್ಟ ಸಮರ್ಥನೆಗಳಲ್ಲಿ ಒಂದು, ಮೇಲೆ ಸಾರ್ವಜನಿಕ ಉದ್ಯಾನ ಬರುತ್ತದೆ ಎಂಬುದು. ಉದ್ಯಾನ ಬಂದಿದೆ, ಪ್ರವೇಶವೂ ಉಚಿತ. ಆದರೆ ಸಾಮಾನ್ಯವಾಗಿ ಮುಂಚಿತವಾಗಿ ಸಮಯ ಕಾದಿರಿಸಬೇಕು, ಭದ್ರತಾ ತಪಾಸಣೆ ದಾಟಿ ಲಿಫ್ಟ್ ಹತ್ತಬೇಕು. ಸುಮ್ಮನೆ ದಣಿದು ಬಂದು ಕೂರಲಾಗದ ಜಾಗವನ್ನು ಉದ್ಯಾನ ಎನ್ನಬಹುದೆ? ನಕ್ಷೆಯ ಮೇಲೆ "ಸಾರ್ವಜನಿಕ" ಎಂದು ಬರೆದಿರುತ್ತದೆ. ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಮಂಡಳಿ ಕೇಳಬೇಕು. ಬಣ್ಣದ ಬಗ್ಗೆ ಕಳೆಯುವ ಒಂದೂವರೆ ಗಂಟೆಯಲ್ಲಿ ಹತ್ತು ನಿಮಿಷ ಇದಕ್ಕೆ ಕೊಟ್ಟರೂ ಸಾಕು.

ಬರೀ ಸಲಹೆ ಕೊಡುವವರಿಂದ ಏನಾದೀತು ಎನ್ನುವವರಿಗೆ ನಾನು ಸಾಮಾನ್ಯವಾಗಿ ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಪ್ರಸಂಗವನ್ನು ಹೇಳುತ್ತೇನೆ. 1981ರ ಸ್ಪರ್ಧೆಗೆ 1,421 ವಿನ್ಯಾಸಗಳು ಬಂದಿದ್ದವು, ಯಾವುದರ ಮೇಲೂ ಹೆಸರಿರಲಿಲ್ಲ. ಗೆದ್ದದ್ದು ಮಾಯಾ ಲಿನ್ ಎಂಬ 21 ವರ್ಷದ ವಿದ್ಯಾರ್ಥಿನಿಯ ವಿನ್ಯಾಸ: ನೆಲದೊಳಕ್ಕೆ ಇಳಿಯುವ ಎರಡು ಕಪ್ಪು ಕಲ್ಲಿನ ಗೋಡೆಗಳು, ಮಡಿದವರ ಹೆಸರುಗಳು, ಇನ್ನೇನೂ ಇಲ್ಲ. ದೊಡ್ಡ ಗಲಾಟೆಯಾಯಿತು. ಇದು ಸ್ಮಾರಕವಲ್ಲ, ಅವಮಾನ ಎಂದವರಿದ್ದರು. ರಾಜಿಯಾಗಿ ಸೈನಿಕರ ಪ್ರತಿಮೆಯನ್ನೂ ಧ್ವಜಸ್ತಂಭವನ್ನೂ ಸೇರಿಸಬೇಕೆಂದಾಯಿತು. ಅವನ್ನು ಇಡಬೇಕೆಂದು ಹೊರಟ ಜಾಗವೋ, ಎರಡು ಗೋಡೆಗಳು ಕೂಡುವ ಆಯಕಟ್ಟಿನ ಜಾಗ. ಹಾಗೆ ಇಟ್ಟಿದ್ದರೆ ಗೋಡೆಗಳು ಪ್ರತಿಮೆಯ ಹಿನ್ನೆಲೆಯ ಪರದೆಯಾಗುತ್ತಿದ್ದವು.

1982ರ ಅಕ್ಟೋಬರಿನಲ್ಲಿ ಲಲಿತಕಲಾ ಆಯೋಗ ಬಹಿರಂಗ ಸಭೆ ನಡೆಸಿ ಎಲ್ಲರ ಮಾತು ಕೇಳಿತು. ಪ್ರತಿಮೆ ಬೇಡ ಎನ್ನಲಿಲ್ಲ, ಧ್ವಜ ಬೇಡ ಎನ್ನಲಿಲ್ಲ. ಎರಡನ್ನೂ ಒಪ್ಪಿ, ಗೋಡೆಯಿಂದ ದೂರಕ್ಕೆ, ಜನ ಒಳಗೆ ಬರುವ ದಾರಿಯ ಬಳಿಗೆ ಸರಿಸಿ ಎಂದಿತು. ಅಷ್ಟೇ. ಮುಂದಿನ ತಿಂಗಳು ಗೋಡೆ ಲೋಕಾರ್ಪಣೆಯಾಯಿತು. ಪ್ರತಿಮೆ 1984ರಲ್ಲಿ ಮರಗಳ ಅಂಚಿನಲ್ಲಿ ಬಂದು ನಿಂತಿತು. ಇವತ್ತು ಅಲ್ಲಿ ನಿಂತವರಿಗೆ ಪ್ರತಿಮೆಯ ಸೈನಿಕರು ದೂರದಿಂದ ಆ ಹೆಸರುಗಳನ್ನೇ ನೋಡುತ್ತಿರುವಂತೆ ಕಾಣುತ್ತದೆ. ಆ ಜಗಳದಲ್ಲಿ ಎರಡು ಪಕ್ಷದವರೂ "ಬೇಕು", "ಬೇಡ" ಎಂಬ ಎರಡೇ ಪದಗಳಲ್ಲಿ ಸಿಕ್ಕಿಕೊಂಡಿದ್ದರು. "ಎಲ್ಲಿ?" ಎಂಬ ಮೂರನೆಯ ಪದವನ್ನು ಆಯೋಗ ತಂದಿತು. ನಮ್ಮ ಕಸುಬಿನ ಪದ ಅದು.

ಈಗ ಜನರ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಸ್ವಲ್ಪ ಮುಜುಗರವಿದೆ.

ಅಮೆರಿಕದ ಶೆರಿ ಅರ್ನ್‌ಸ್ಟೈನ್ 1969ರಲ್ಲಿ ಬರೆದ ಒಂದು ಲೇಖನದಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಗೆ ಹೋಲಿಸಿದಳು. ತುದಿಯಲ್ಲಿ ನಾಗರಿಕರ ನೇರ ಹಿಡಿತ, ಬುಡದಲ್ಲಿ ಜನರನ್ನು ಆಟದ ಕಾಯಿಗಳಂತೆ ನಡೆಸುವುದು. ನಮ್ಮಂಥ ಸಮಿತಿಗಳಿಗೆ ಆಕೆ ಕೊಟ್ಟ ಜಾಗ ಹೆಮ್ಮೆ ಪಡುವಂಥದ್ದಲ್ಲ. ಮುದ್ರೆ ಒತ್ತುವುದಕ್ಕಷ್ಟೇ ಇರುವ ಸಲಹಾ ಸಮಿತಿಗಳು ಮೊದಲ ಮೆಟ್ಟಿಲಲ್ಲಿವೆ. ತಮಗೆ ಬೇಕಾದ ನಾಲ್ಕು "ಗಣ್ಯರನ್ನು" ಆರಿಸಿ ಕೂರಿಸಿ, ಅವರ ಮಾತು ಕೇಳಿ, ತೀರ್ಮಾನವನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಳ್ಳುವುದು ಐದನೆಯ ಮೆಟ್ಟಿಲು. ಮೂಗಿಗೆ ತುಪ್ಪ ಸವರುವುದು ಎಂದು ನಮ್ಮ ಭಾಷೆಯಲ್ಲಿ ಹೇಳುತ್ತೇವಲ್ಲ, ಅದು. ನಾನು ಆ ತುಪ್ಪದ ಬಟ್ಟಲಾಗಿ ಕೂತ ಸಭೆಗಳನ್ನು ಎಣಿಸಿದರೆ ಕೈಬೆರಳುಗಳು ಸಾಲುವುದಿಲ್ಲ. "ವಿನ್ಯಾಸ ಸಲಹಾ ಮಂಡಳಿಯೊಂದಿಗೆ ಸಮಾಲೋಚಿಸಲಾಗಿದೆ" ಎಂಬ ಒಂದು ಸಾಲು ಕಡತದಲ್ಲಿ ಬೀಳಬೇಕಿತ್ತು, ಬಿತ್ತು.

ಹಾಗಾದರೆ ಮಂಡಳಿಯೇ ಬೇಡ, ನೇರವಾಗಿ ಜನರನ್ನೇ ಕೇಳೋಣ ಎನ್ನಬಹುದು. ಕೇಳಬೇಕು, ನಿಜ. ಆದರೆ ಸಂಜೆಯ ಅಹವಾಲು ಸಭೆಗೆ ಬರುವ ಜನ ಯಾರು? ಮ್ಯಾಸಚೂಸೆಟ್ಸ್‌ನ 97 ಊರುಗಳ ಯೋಜನಾ ಸಭೆಗಳ ನಡಾವಳಿಗಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದಾಗ, ಎದ್ದು ಮಾತಾಡಿದವರಲ್ಲಿ ವಯಸ್ಸಾದವರು, ಗಂಡಸರು, ಬಹುಕಾಲದಿಂದ ಅಲ್ಲೇ ಇರುವವರು, ಸ್ವಂತ ಮನೆಯುಳ್ಳವರು ಊರಿನಲ್ಲಿ ಅವರಿರುವ ಪ್ರಮಾಣಕ್ಕಿಂತ ಹೆಚ್ಚಾಗಿದ್ದರು. ಹೊಸ ಮನೆಗಳು ಬೇಡ ಎಂದವರೇ ಅವರಲ್ಲಿ ಬಹುಪಾಲು. ಬಾಡಿಗೆದಾರ ಬರುವುದಿಲ್ಲ, ರಾತ್ರಿ ಪಾಳಿಯವಳು ಬರುವುದಿಲ್ಲ, ಕೈಗೂಸಿನ ತಾಯಿ ಬರುವುದಿಲ್ಲ. ಇನ್ನೂ ಕಟ್ಟದ ಮನೆಯಲ್ಲಿ ಮುಂದೆ ವಾಸಿಸಲಿರುವವನಂತೂ ಬರುವುದು ಸಾಧ್ಯವೇ ಇಲ್ಲ, ಅವನು ಯಾರೆಂದು ಅವನಿಗೇ ಗೊತ್ತಿಲ್ಲ!

ಹೀಗೆ ಒಂದು ಕಡೆ ನಕ್ಷೆ ಓದಬಲ್ಲ ಆದರೆ ಆ ಬೀದಿಯಲ್ಲಿ ಬದುಕದ ತಜ್ಞರು, ಇನ್ನೊಂದು ಕಡೆ ಬೀದಿಯನ್ನು ಅಂಗೈ ಗೆರೆಯಂತೆ ಬಲ್ಲ ಆದರೆ ನಕ್ಷೆ ಓದಲಾಗದ ಜನ. ನಕ್ಷೆ ಓದುವುದು ಸುಲಭವಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಒಂದಕ್ಕೆ ಇನ್ನೂರರ ಅಳತೆ ಎಂದರೆ ಆರು ಮೀಟರ್ ಅಗಲದ ಓಣಿ ಕಾಗದದ ಮೇಲೆ ಮೂರು ಸೆಂಟಿಮೀಟರ್. ಆ ಮೂರು ಸೆಂಟಿಮೀಟರಿನಲ್ಲಿ ಎದುರುಬದುರಾಗುವ ಎರಡು ಗಾಡಿಗಳನ್ನು ಮನಸ್ಸಿನಲ್ಲಿ ಕಾಣಲು ವರ್ಷಗಳ ಅಭ್ಯಾಸ ಬೇಕು. ಬ್ರಿಟನ್ನಿನಲ್ಲಿ ಟೋನಿ ಗಿಬ್ಸನ್ 1970ರ ದಶಕದಲ್ಲಿ ಇದಕ್ಕೊಂದು ಸರಳ ಉಪಾಯ ಮಾಡಿದ. ಬಡಾವಣೆಯ ದೊಡ್ಡ ಮಾದರಿಯನ್ನು ರಟ್ಟಿನಲ್ಲಿ ನಿವಾಸಿಗಳೇ ಸೇರಿ ಮಾಡುವುದು. ಬೇಕಾದ್ದನ್ನು ಬರೆದ ಚೀಟಿಗಳನ್ನು ಬೇಕಾದ ಜಾಗದಲ್ಲಿ ಇಡುವುದು. ಎದ್ದು ನಿಂತು ಭಾಷಣ ಮಾಡಬೇಕಾಗಿಲ್ಲ. ದನಿ ಜೋರಿರುವವನ ಚೀಟಿಯೂ ಮೆಲ್ಲಗಿನವಳ ಚೀಟಿಯೂ ಒಂದೇ ಗಾತ್ರ. ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ತೋರಿಸುವ ಈ ಕಾಲದಲ್ಲೂ ನಾನು ರಟ್ಟಿನ ಪಕ್ಷದವಳು. ಪರದೆಯ ಮೇಲಿನ ಚಿತ್ರವನ್ನು ತಿರುಗಿಸುವ ಮೌಸ್ ಯಾವಾಗಲೂ ವಾಸ್ತುಶಿಲ್ಪಿಯ ಕೈಯಲ್ಲೇ ಇರುತ್ತದೆ. ರಟ್ಟನ್ನು ಯಾರು ಬೇಕಾದರೂ ಸುತ್ತಿ ಬಂದು ಬಗ್ಗಿ ನೋಡಬಹುದು.

ಮಂಡಳಿ ಮಾಡಬಹುದಾದ ಬಹುಮುಖ್ಯ ಕೆಲಸ ಈ ಎರಡು ಕಡೆಯವರ ನಡುವೆ ದುಭಾಷಿಯದು. ಜನರ "ಈ ಕಟ್ಟಡ ನಮಗೆ ಬೇಡ" ಎಂಬ ಮಾತಿನ ಒಳಗೆ ಏನಿದೆ ಎಂದು ಬಿಡಿಸಿ ನೋಡುವುದು. ಬೆಳಕು ಹೋಗುತ್ತದೆ ಎಂಬ ಭಯವೋ, ಬಾಡಿಗೆ ಏರುತ್ತದೆ ಎಂಬ ಭಯವೋ, ಹೊಸಬರು ಬರುತ್ತಾರೆ ಎಂಬ ಭಯವೋ? ಮೊದಲನೆಯದಕ್ಕೆ ವಿನ್ಯಾಸದಲ್ಲಿ ಉತ್ತರವಿದೆ. ಎರಡನೆಯದಕ್ಕೆ ನೀತಿಯಲ್ಲಿ ಇರಬಹುದು. ನಮ್ಮ ಕೈಯಲ್ಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಮೂರನೆಯದಕ್ಕೆ ವಿನ್ಯಾಸದ ವೇಷ ತೊಡಿಸಿ ನಮ್ಮ ಬಾಯಿಂದ ಹೇಳಿಸಲು ಪ್ರಯತ್ನ ನಡೆಯುತ್ತದೆ: "ಇದು ಬಡಾವಣೆಯ ಸ್ವರೂಪಕ್ಕೆ ಹೊಂದುವುದಿಲ್ಲ" ಎಂದು. ಹೊಸ ಸದಸ್ಯರು ಬಂದಾಗ ನಾನು ಎಚ್ಚರಿಸುತ್ತಿದ್ದದ್ದು ಈ "ಸ್ವರೂಪ" ಎಂಬ ಪದದ ಬಗ್ಗೆಯೇ. ಅದು ಚೀಲದಂಥ ಪದ. ಏನನ್ನು ಬೇಕಾದರೂ ತುಂಬಬಹುದು. ಕಸುಬಿನವರಿಗೆ ಆ ಚೀಲ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ನ್ಯೂಯಾರ್ಕಿನ ಆ ಮೂವರು ಸಾಮಾನ್ಯ ನಾಗರಿಕರನ್ನು ನೆನಪಿಡಿ ಎಂದದ್ದು. "ಸ್ವರೂಪ ಎಂದರೆ ಏನು, ಸ್ವಲ್ಪ ಬಿಡಿಸಿ ಹೇಳಿ" ಎಂದು ಅಂಥವರು ಮಾತ್ರ ನಾಚಿಕೆಯಿಲ್ಲದೆ ಕೇಳಬಲ್ಲರು.

ಸಿಯಾಟಲ್ ನಗರ 1994ರಿಂದ ನಡೆಸಿದ ವಿನ್ಯಾಸ ಪರಿಶೀಲನೆ ಈ ವಿಷಯದಲ್ಲಿ ಒಳ್ಳೆಯ ಪಾಠ, ಎರಡೂ ರೀತಿಯಲ್ಲಿ. ಬಡಾವಣೆಗಳಿಗೆ ಹಂಚಿದ ಸ್ವಯಂಸೇವಕರ ಮಂಡಳಿಗಳು, ಸಂಜೆ ಹೊತ್ತಿನ ಬಹಿರಂಗ ಸಭೆ, ಎರಡು ಹಂತ. ಮೊದಲ ಹಂತ ಕಟ್ಟಡದ ವಿವರಗಳು ಮೂಡುವ ಮುನ್ನವೇ; ಆಗ ಕಟ್ಟಡದ ಗಾತ್ರ, ಆಕಾರದ ಮೂರು ಪರ್ಯಾಯಗಳನ್ನು ತಂದು ತೋರಿಸಬೇಕಿತ್ತು. ಪೆನ್ಸಿಲ್ ಇನ್ನೂ ಕೈಯಲ್ಲಿರುವ ಹೊತ್ತು ಅದು. ವ್ಯವಸ್ಥೆಯಾಗಿ ಇದಕ್ಕಿಂತ ಜಾಣತನದ್ದನ್ನು ನಾನು ಕಂಡಿಲ್ಲ. ಮೂರರಲ್ಲಿ ಎರಡನ್ನು ಬೇಕೆಂದೇ ಕೆಟ್ಟದಾಗಿ ಬರೆದು ತಂದು ಮೂರನೆಯದನ್ನು ಒಪ್ಪಿಸಿಕೊಳ್ಳುವ ಚಾಳಿ ಮಾತ್ರ ಎಲ್ಲ ಕಡೆಯ ವಾಸ್ತುಶಿಲ್ಪಿಗಳಿಗೂ ಇದೆ. ನಾನೂ ಮಾಡಿದ್ದೇನೆ.

ಇನ್ನೊಂದು ಮುಖವೂ ಇದೆ. ಸಭೆಯ ಮೇಲೆ ಸಭೆ, ಸದಸ್ಯರು ಬದಲಾದಂತೆ ಬದಲಾಗುವ ಅಭಿರುಚಿ, ತಿಂಗಳುಗಳ ವಿಳಂಬ. ಮನೆಗಳಿಗೆ ಹಾಹಾಕಾರವಿರುವ ಊರಿನಲ್ಲಿ ವಿಳಂಬದ ಖರ್ಚು ಕೊನೆಗೆ ಬಾಡಿಗೆಯಲ್ಲಿ ಸೇರುತ್ತದೆ. 2023ರಲ್ಲಿ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ ಕಾನೂನು ಮಾಡಿ, ವಿನ್ಯಾಸ ಪರಿಶೀಲನೆಯ ಮಾನದಂಡಗಳು ಸ್ಪಷ್ಟವಾಗಿ, ವಸ್ತುನಿಷ್ಠವಾಗಿರಬೇಕು, ಒಂದಕ್ಕಿಂತ ಹೆಚ್ಚು ಸಾರ್ವಜನಿಕ ಸಭೆ ಕೂಡದು ಎಂದಿತು. ನನ್ನ ಕಸುಬಿನ ಗೆಳೆಯರು ಇದನ್ನು ಪೆಟ್ಟು ಎಂದು ಭಾವಿಸಿದರು. ನನಗೆ ಅದು ನ್ಯಾಯವಾಗಿಯೇ ಕಂಡಿತು. ನೆದರ್ಲೆಂಡ್ಸ್ 2003ರಲ್ಲೇ ಇಂಥ ದಾರಿ ಹಿಡಿದಿತ್ತು: ಯಾವ ಆಧಾರದ ಮೇಲೆ ಕಟ್ಟಡದ ಅಂದಚಂದವನ್ನು ಅಳೆಯುತ್ತೀರಿ ಎಂಬುದನ್ನು ಊರು ಮೊದಲೇ ಬರೆದು ಪ್ರಕಟಿಸಬೇಕು, ಸಮಿತಿಯ ಸಭೆ ಬಹಿರಂಗವಾಗಿರಬೇಕು. ಬರೆದಿಡದ ಊರಿಗೆ ಆ ಅಧಿಕಾರವೇ ಇಲ್ಲ. ನೂರು ವರ್ಷ ಮುಚ್ಚಿದ ಬಾಗಿಲಿನ ಹಿಂದೆ ನಡೆದ ಅಭಿರುಚಿಯ ಆಡಳಿತಕ್ಕೆ ಕಿಟಕಿ ತೆರೆದಂತಾಯಿತು.

ಕಟ್ಟಡಗಳ ವಿನ್ಯಾಸದ ಬಗ್ಗೆ ಸಲಹೆ ಕೊಡುತ್ತಿದ್ದ ಬ್ರಿಟನ್ನಿನ ಕೇಬ್ ಎಂಬ ಆಯೋಗ 1999ರಲ್ಲಿ ಬಂದು, ಸರ್ಕಾರದ ಹಣ ನಿಂತಾಗ 2011ರಲ್ಲಿ ಡಿಸೈನ್ ಕೌನ್ಸಿಲ್ ಎಂಬ ಸಂಸ್ಥೆಯೊಳಗೆ ಸೇರಿಹೋಯಿತು. ಸಲಹೆ ಕೊಡುವವರ ಖರ್ಚನ್ನೇ ಮೊದಲು ಕಡಿಯುವುದು ಎಲ್ಲ ಸರ್ಕಾರಗಳ ರೂಢಿ, ಅದರ ಬಗ್ಗೆ ಗೋಳಾಡಿ ಫಲವಿಲ್ಲ.

ಮಾತು ಇಲ್ಲಿಗೆ ನಿಲ್ಲಿಸುತ್ತೇನೆ, ಪ್ರಶ್ನೆಗಳಿದ್ದರೆ ಕೇಳಿ.

*ಮಂಡಳಿಯ ಸಲಹೆಯನ್ನು ಕಡ್ಡಾಯ ಮಾಡಿದರೆ ಸಮಸ್ಯೆ ಮುಗಿಯುವುದಿಲ್ಲವೆ?*

ಕಡ್ಡಾಯ ಮಾಡಿದ ದಿನ ನಮ್ಮ ಸಭೆಗೆ ವಾಸ್ತುಶಿಲ್ಪಿಗಳ ಜೊತೆ ವಕೀಲರೂ ಬರುತ್ತಾರೆ. ಆಮೇಲೆ ಯಾರೂ "ಒಳ್ಳೆಯ ಸಲಹೆ, ಯೋಚಿಸುತ್ತೇವೆ" ಎನ್ನುವುದಿಲ್ಲ. ನಾನು ಕೇಳುವುದು ಇಷ್ಟೇ: ಸಲಹೆಯನ್ನು ಒಪ್ಪದಿದ್ದರೆ ಒಪ್ಪದಿರಲು ಕಾರಣವನ್ನು ಬರೆದು ಪ್ರಕಟಿಸಬೇಕು. ಸಾರ್ವಜನಿಕವಾಗಿ ಕಾರಣ ಬರೆಯಬೇಕಾದಾಗ ಎಷ್ಟೋ ಆಕ್ಷೇಪಗಳು ತಾವಾಗಿಯೇ ಕರಗುತ್ತವೆ.

*ಸದಸ್ಯರೇ ಆ ಊರಿನ ವಾಸ್ತುಶಿಲ್ಪಿಗಳು. ಇವತ್ತು ತೀರ್ಪು ಕೊಟ್ಟವರು ನಾಳೆ ತಮ್ಮ ನಕ್ಷೆ ಹಿಡಿದು ಬರುತ್ತಾರಲ್ಲ?*

ಬರುತ್ತಾರೆ. ಸ್ವಂತ ಯೋಜನೆ ಬಂದಾಗ ಎದ್ದು ಹೊರಗೆ ಹೋಗಬೇಕು ಎಂಬ ನಿಯಮವೇನೋ ಇರುತ್ತದೆ. ಆದರೆ "ಇವತ್ತು ನಾನು ಅವನ ನಕ್ಷೆಗೆ ಮೆತ್ತಗಿದ್ದರೆ ನಾಳೆ ಅವನು ನನ್ನದಕ್ಕೆ" ಎಂಬ ಲೆಕ್ಕವನ್ನು ನಿಯಮ ಹಿಡಿಯಲಾರದು. ಅವಧಿ ಚಿಕ್ಕದಿರಲಿ, ಬೇರೆ ಊರಿನವರು ಒಂದಿಬ್ಬರಿರಲಿ, ಸಭೆ ಜನರ ಎದುರಿಗೆ ನಡೆಯಲಿ. ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ.

*ನಿಮ್ಮ ಸಲಹೆಯಿಂದ ಕಟ್ಟಿದ್ದು ಏನಾದರೂ ಇದೆಯೆ? ಕೈ ಮುಟ್ಟಿ ತೋರಿಸಬಹುದಾದಂಥದ್ದು?*

ಒಂದು ಸೂರು ಇದೆ. ಗ್ರಂಥಾಲಯದ ನಕ್ಷೆ ಬಂದಿತ್ತು, ರಟ್ಟಿನ ಮಾದರಿಯನ್ನು ಮೇಜಿನ ಮೇಲಿಟ್ಟಿದ್ದೆವು. ವಯಸ್ಸಾದ ಹೆಂಗಸೊಬ್ಬರು ಅದನ್ನು ಎರಡು ಸುತ್ತು ಹಾಕಿ ನೋಡಿ, "ಬಾಗಿಲು ತೆರೆಯುವ ಮುಂಚೆ ಬಂದವರು ಎಲ್ಲಿ ನಿಲ್ಲಬೇಕು?" ಎಂದರು. ಸದಸ್ಯರಾದ ನಾವು ಒಂಬತ್ತು ಜನ, ಎಲ್ಲರ ಅನುಭವ ಕೂಡಿದರೆ ಇನ್ನೂರು ವರ್ಷ ಆದೀತು. ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಗೋಡೆಯಿಂದ ನಾಲ್ಕು ಅಡಿ ಹೊರಚಾಚಿದ ಸೂರು, ಅದರ ಕೆಳಗೊಂದು ಕಟ್ಟೆ ಎಂದು ಸಲಹೆ ಬರೆದೆವು. ನಕ್ಷೆ ಆಗಿನ್ನೂ ಪೆನ್ಸಿಲಿನಲ್ಲಿತ್ತು, ಹಾಗಾಗಿ ಸೇರಿತು. ಕಟ್ಟುವಾಗ ಅದು ಹೇಗೋ ಮೂರೂವರೆ ಅಡಿಗೆ ಇಳಿಯಿತು. ಗಾಳಿಮಳೆ ಬಂದರೆ ಕಟ್ಟೆಯ ಮೇಲೆ ಕೂತವರ ಕಾಲು ನೆನೆಯುತ್ತದೆ. ಆದರೂ ಬೆಳಿಗ್ಗೆ ಆ ದಾರಿಯಲ್ಲಿ ಹೋದಾಗ ಅಲ್ಲಿ ಯಾರಾದರೂ ಇದ್ದೇ ಇರುತ್ತಾರೆ, ಕಾಲು ಮಡಚಿಕೊಂಡು.